ಹಳೇ ಸಾಮಾನು ಮಾರೋಕೆ ಹೋದವರ ಖಾತೆಯೇ ಯಾಕೆ ಖಾಲಿಯಾಗುತ್ತೆ? ನಕಲಿ ಗಿರಾಕಿಯ ಗುರುತು ಇಲ್ಲಿದೆ

ದಾವಣಗೆರೆ: ಸೆಮಿಸ್ಟರ್ ಪರೀಕ್ಷೆ ಮುಗಿದು ಹುಡುಗರು ಪಿಜಿ, ರೂಮು ಖಾಲಿ ಮಾಡೋ ಹೊತ್ತಿಗೆ ನಮ್ಮೂರಿನ ವಾಟ್ಸಾಪ್ ಗ್ರೂಪುಗಳೆಲ್ಲ ಸಂತೆ ಆಗಿಬಿಡ್ತವೆ. ಕೂಲರ್, ಮಂಚ, ಸ್ಟಡಿ ಟೇಬಲ್, ಇಂಡಕ್ಷನ್ ಸ್ಟವ್, ಹಳೇ ಸ್ಪ್ಲೆಂಡರ್ ಹೀಗೆ ಎಲ್ಲದರ ಫೋಟೋ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ಅದೇ ಫೋಟೋಗಳು. ಅದರ ಜೊತೆಗೇ ಇನ್ನೊಂದು ಸೀಸನ್ನೂ ಶುರುವಾಗುತ್ತೆ. ಗಿರಾಕಿ ವೇಷದಲ್ಲಿ ಬರೋ ಮೋಸಗಾರರ ಸೀಸನ್ನು.

ಕೊಳ್ಳೋಕೆ ಹೋದವರು ದುಡ್ಡು ಕಳ್ಕೊಂಡ್ರೆ ಅರ್ಥ ಆಗುತ್ತೆ. ದುಡ್ಡು ಕೊಟ್ಟರು, ಸಾಮಾನು ಬರಲಿಲ್ಲ, ಅಷ್ಟೆ. ಆದ್ರೆ ಇಲ್ಲಿ ಕಳ್ಕೊಳ್ಳೋರು ಮಾರೋರು. ದುಡ್ಡು ತಗೋಬೇಕಾದವರ ಖಾತೆಯಿಂದಲೇ ದುಡ್ಡು ಹೋಗುತ್ತೆ, ಸಾಮಾನು ಮಾತ್ರ ಮನೆಯಲ್ಲೇ ಇರುತ್ತೆ. ಇದು ಹೇಗೆ ಆಗುತ್ತೆ, ಮಾತಾಡಿದ ಮೊದಲ ಐದು ನಿಮಿಷದಲ್ಲೇ ಇದನ್ನ ಹಿಡಿಯೋದು ಹೇಗೆ, ಸಿಕ್ಕಿಹಾಕಿಕೊಂಡ ಮೇಲೆ ಏನು ಮಾಡಬೇಕು ಅನ್ನೋದು ಈ ವಿಶ್ಲೇಷಣೆ.

ಇದನ್ನ ಬರೆಯೋಕೆ ನನಗೊಂದು ಸ್ವಂತ ಕಾರಣವೂ ಇದೆ. ಅದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮ ಮನೆಯ ಓವರ್‌ಲಾಕ್ ಮಷೀನು

ನಮ್ಮಪ್ಪ ಟೈಲರ್. 2021ರ ಎರಡನೇ ಲಾಕ್‌ಡೌನ್ ಹೊತ್ತಿಗೆ ನಿಟುವಳ್ಳಿಯ ಬಾಡಿಗೆ ಅಂಗಡಿ ಬಿಡಬೇಕಾಯ್ತು. ಹೊಲಿಗೆ ಮಷೀನು ಮನೆಗೆ ತಂದ್ವಿ. ಓವರ್‌ಲಾಕ್ ಮಷೀನ್ ಇಡೋಕೆ ಜಾಗ ಇರಲಿಲ್ಲ, ಮಾರೋದು ಅಂತ ಆಯ್ತು. ನಾನು ಆಗ ಬಿ.ಕಾಂ. ಎರಡನೇ ವರ್ಷ. ಮನೆಯಲ್ಲಿ ಮೊಬೈಲ್ ಗೊತ್ತಿರೋನು ನಾನೇ ಅಲ್ವಾ, ಫೋಟೋ ಹೊಡೆದು 16 ಸಾವಿರ ಅಂತ ಒಂದು ಜಾಹೀರಾತು ಆ್ಯಪ್‌ಗೆ ಹಾಕಿದೆ.

ಅರ್ಧ ಗಂಟೆಯಲ್ಲೇ ಫೋನ್ ಬಂತು. ಹಿಂದಿ. ತಾನು ಸೈನ್ಯದಲ್ಲಿರೋದು, ಬೆಳಗಾವಿಗೆ ವರ್ಗ ಆಗಿದೆ, ಹೆಂಡತಿಗೆ ಹೊಲಿಗೆ ಬರುತ್ತೆ, ಮಷೀನ್ ಬೇಕು ಅಂದ. ರೇಟು ಎಷ್ಟು ಅಂದ. 16 ಅಂದೆ. "ಓಕೆ ಸರ್, ಫೈನಲ್" ಅಂದ. ಒಂದು ರೂಪಾಯಿ ಕಡಿಮೆ ಕೇಳಲಿಲ್ಲ. ವಾಟ್ಸಾಪ್‌ಗೆ ಸಮವಸ್ತ್ರದ ಫೋಟೋ, ಆಧಾರ್ ಕಾರ್ಡ್, ಕ್ಯಾಂಟೀನ್ ಕಾರ್ಡ್ ಎಲ್ಲಾ ಕಳಿಸಿದ.

ಮೊದಲು 5 ರೂಪಾಯಿ ಹಾಕಿದ. ಬಂತು. "ಖಾತೆ ಸರಿ ಇದೆ, ಈಗ ಅರ್ಧ ದುಡ್ಡು ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ" ಅಂತ ಕ್ಯೂಆರ್ ಕಳಿಸಿದ. ಅದರ ಮೇಲೆ 8,000 ರೂಪಾಯಿ ಸ್ವೀಕರಿಸಿ ಅಂತ ಇಂಗ್ಲಿಷ್‌ನಲ್ಲಿ ಬರೆದಿತ್ತು. ಸ್ಕ್ಯಾನ್ ಮಾಡಿದೆ, ಪಿನ್ ಒತ್ತಿದೆ. 8,000 ಹೋಯ್ತು. ಗಾಬರಿಯಿಂದ ಕೇಳಿದ್ರೆ, "ಅಯ್ಯೋ, ರಾಂಗ್ ಕೋಡ್ ಬಂದಿದೆ ಸರ್, ರಿವರ್ಸ್ ಕೋಡ್ ಕಳಿಸ್ತೀನಿ, ಸೇರಿಸಿ ವಾಪಸ್ ಬರುತ್ತೆ" ಅಂದ. ಮತ್ತೆ ಸ್ಕ್ಯಾನ್ ಮಾಡಿದೆ. ಮತ್ತೆ 8,000 ಹೋಯ್ತು. ಮಷೀನಿನ ಪೂರ್ತಿ ರೇಟು, ನಮ್ಮ ಕೈಯಿಂದಲೇ.

ಆ ದುಡ್ಡಿನಲ್ಲಿ ನನ್ನ ಕಾಲೇಜು ಫೀಸೂ ಇತ್ತು. ನಾನು ಡಿಗ್ರಿ ಬಿಟ್ಟಿದ್ದಕ್ಕೆ ಇದೊಂದೇ ಕಾರಣ ಅಂತ ಹೇಳಿದ್ರೆ ಸುಳ್ಳಾಗುತ್ತೆ, ಮನೆ ಪರಿಸ್ಥಿತಿನೂ ಹಾಗಿತ್ತು. ಆದ್ರೆ ನಾನು ಮಾಡಿದ ದೊಡ್ಡ ತಪ್ಪು ಸ್ಕ್ಯಾನ್ ಮಾಡಿದ್ದಲ್ಲ. ಅಪ್ಪನಿಗೆ ಮೂರು ದಿನ ಹೇಳದೇ ಇದ್ದಿದ್ದು. ನಾಲ್ಕನೇ ದಿನ ದೂರು ಕೊಡೋಕೆ ಹೋದಾಗ ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ.

ಓದಿದವರು ಬೀಳಲ್ಲ ಅನ್ನೋದು ಸುಳ್ಳು

"ಡಿಗ್ರಿ ಓದೋ ಹುಡುಗ ಇಷ್ಟೂ ಗೊತ್ತಾಗಲಿಲ್ವಾ?" ಅಂತ ಆಗ ಬಹಳ ಜನ ಅಂದ್ರು. ಅದೇ ವರ್ಷ ಫೆಬ್ರವರಿಯಲ್ಲಿ ಏನಾಗಿತ್ತು ಗೊತ್ತಾ? ಆಗ ದೆಹಲಿ ಮುಖ್ಯಮಂತ್ರಿ ಆಗಿದ್ದ ಅರವಿಂದ್ ಕೇಜ್ರಿವಾಲ್ ಅವರ ಮಗಳು ಆನ್‌ಲೈನ್‌ನಲ್ಲಿ ಹಳೇ ಸೋಫಾ ಮಾರೋಕೆ ಹೋಗಿ 34 ಸಾವಿರ ರೂಪಾಯಿ ಕಳ್ಕೊಂಡಿದ್ರು. ಅಲ್ಲೂ ಇದೇ ಕಥೆ. ಮೊದಲು ಸಣ್ಣ ಮೊತ್ತ ಹಾಕಿ ನಂಬಿಸಿದ. ಆಮೇಲೆ ಕ್ಯೂಆರ್ ಕೋಡ್ ಕಳಿಸಿದ, 20 ಸಾವಿರ ಹೋಯ್ತು. ತಪ್ಪು ಕೋಡ್ ಅಂತ ಇನ್ನೊಂದು ಕಳಿಸಿದ, 14 ಸಾವಿರ ಹೋಯ್ತು. ಅವರು ಐಐಟಿಯಲ್ಲಿ ಓದಿದವರು.

ಅಂದ್ರೆ ಇದು ಓದಿನ ಪ್ರಶ್ನೆ ಅಲ್ಲ. ನಾವು ದಿನಕ್ಕೆ ಹತ್ತು ಸಲ ಸ್ಕ್ಯಾನ್ ಮಾಡಿ ದುಡ್ಡು ಕೊಡ್ತೀವಿ. ಬೆಣ್ಣೆ ದೋಸೆ ತಿಂದು ಸ್ಕ್ಯಾನ್, ಪೆಟ್ರೋಲ್ ಹಾಕಿಸಿ ಸ್ಕ್ಯಾನ್. ಆದ್ರೆ ಅಂಗಡಿ ಇಟ್ಟವರನ್ನ ಬಿಟ್ರೆ, ಗುರುತಿಲ್ಲದವರ ಹತ್ರ ದುಡ್ಡು ತಗೊಂಡು ರೂಢಿ ಇರೋರು ಎಷ್ಟು ಜನ? ಮನೆ ಸಾಮಾನು ಮಾರೋದು ವರ್ಷಕ್ಕೊಮ್ಮೆಯೋ ಜೀವನದಲ್ಲಿ ಒಂದೆರಡು ಸಲವೋ. ಮಾರೋ ಕೆಲಸಕ್ಕೆ ನಾವು ಹೊಸಬರು, ಅವನು ದಿನಕ್ಕೆ ನೂರು ಜನರ ಹತ್ರ ಅದನ್ನೇ ಮಾತಾಡಿ ಪಳಗಿದವನು.

ಇದರ ಹಿಂದೆ ಇರೋದು ಒಬ್ಬಿಬ್ಬರೂ ಅಲ್ಲ. ರಾಜಸ್ಥಾನದ ಭರತ್‌ಪುರ, ಹರಿಯಾಣದ ನೂಹ್ ಸುತ್ತಮುತ್ತಲಿನ ಮೇವಾತ್ ಪ್ರದೇಶದ ಗ್ಯಾಂಗುಗಳ ಹೆಸರು ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬಂದಿದೆ. 2023ರ ಏಪ್ರಿಲ್‌ನಲ್ಲಿ ಹರಿಯಾಣ ಪೊಲೀಸರು ನೂಹ್ ಜಿಲ್ಲೆಯ ಹಳ್ಳಿಗಳ ಮೇಲೆ ಒಂದೇ ರಾತ್ರಿ ದೊಡ್ಡ ದಾಳಿ ಮಾಡಿದ್ದು ಇದಕ್ಕೇ. ಒಬ್ಬ ಫೋನ್ ಮಾಡ್ತಾನೆ, ಒಬ್ಬ ಬೇರೆಯವರ ಹೆಸರಲ್ಲಿ ಸಿಮ್ ತರ್ತಾನೆ, ಇನ್ನೊಬ್ಬ ಬಾಡಿಗೆ ಬ್ಯಾಂಕ್ ಖಾತೆ ಹೊಂದಿಸ್ತಾನೆ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ಎಲ್ಲಾ ಬಗೆಯ ಸೈಬರ್ ವಂಚನೆ ಸೇರಿ ದೇಶದ ಜನ ಕಳ್ಕೊಂಡಿದ್ದು ಸುಮಾರು 22,800 ಕೋಟಿ ರೂಪಾಯಿ. ನಮ್ಮ 16 ಸಾವಿರದಂಥ ಸಣ್ಣ ಸಣ್ಣ ಮೊತ್ತಗಳೂ ಇಂಥ ಲೆಕ್ಕದಲ್ಲೇ ಸೇರ್ತವೆ.

ಓಟಿಪಿ ಎಚ್ಚರಿಕೆ ಇಲ್ಲಿ ಕೆಲಸ ಮಾಡಲ್ಲ

ಬ್ಯಾಂಕು, ಪೊಲೀಸು ಎಲ್ಲರೂ ಹೇಳೋದು ಒಂದೇ ಮಾತು: ಓಟಿಪಿ ಹೇಳಬೇಡಿ. ಸರಿ. ಆದ್ರೆ ನಕಲಿ ಗಿರಾಕಿ ನಿಮ್ಮ ಓಟಿಪಿ ಕೇಳೋದೇ ಇಲ್ಲ. ಪಿನ್ ಕೂಡ ಕೇಳಲ್ಲ. ನೀವೇ ನಿಮ್ಮ ಬೆರಳಿಂದ ಒತ್ತೋ ಹಾಗೆ ಮಾಡ್ತಾನೆ. "ನಾನು ಯಾರಿಗೂ ಓಟಿಪಿ ಹೇಳಿಲ್ಲ, ನನ್ನ ದುಡ್ಡು ಸೇಫ್" ಅನ್ನೋ ಧೈರ್ಯದಲ್ಲೇ ಜನ ಬೀಳ್ತಾರೆ.

ಇಲ್ಲಿ ನೆನಪಿಡಬೇಕಾದ ಮಾತು ಬೇರೆ. ಯುಪಿಐನಲ್ಲಿ ದುಡ್ಡು ಬರೋಕೆ ನೀವು ಏನೂ ಮಾಡಬೇಕಾಗಿಲ್ಲ. ಪಿನ್ ಬೇಡ, ಸ್ಕ್ಯಾನ್ ಬೇಡ, ಲಿಂಕ್ ಒತ್ತೋದು ಬೇಡ. ನಿಮ್ಮ ಫೋನ್ ಸ್ವಿಚ್ಡ್ ಆಫ್ ಆಗಿದ್ರೂ ದುಡ್ಡು ಬಂದು ಬೀಳುತ್ತೆ. ಪಿನ್ ಇರೋದು ದುಡ್ಡು ಕೊಡೋಕೆ ಮತ್ತು ಬ್ಯಾಲೆನ್ಸ್ ನೋಡೋಕೆ. ಹಾಗಾಗಿ "ದುಡ್ಡು ತಗೊಳ್ಳೋಕೆ ಹೀಗೆ ಮಾಡಿ" ಅಂತ ಯಾರಾದ್ರೂ ಅಂದ್ರೆ, ಆ ಕ್ಷಣವೇ ಅದು ಮೋಸ. ಮುಂದೆ ಕೇಳೋ ಅಗತ್ಯನೇ ಇಲ್ಲ.

ಕ್ಯೂಆರ್ ಕೋಡ್ ಮೇಲೆ ಏನು ಬೇಕಾದ್ರೂ ಬರೀಬಹುದು, ಅದು ಬರೀ ಚಿತ್ರ. ಒಳಗೆ ಅವನ ಯುಪಿಐ ವಿಳಾಸ, ಮೊದಲೇ ತುಂಬಿಸಿಟ್ಟ ಮೊತ್ತ ಇರುತ್ತೆ. ಸ್ಕ್ಯಾನ್ ಮಾಡಿದ ಮೇಲೆ ನಿಮ್ಮ ಆ್ಯಪ್ ತೋರಿಸೋ 'ಪೇ' ಅನ್ನೋ ಪದವೇ ನಿಜ. ನಾನು ಅವತ್ತು ಅದನ್ನ ಓದಲೇ ಇಲ್ಲ, ಅವನು ಫೋನ್‌ನಲ್ಲಿ "ಬೇಗ ಸರ್, ಕೋಡ್ ಎಕ್ಸ್‌ಪೈರ್ ಆಗುತ್ತೆ" ಅಂತಿದ್ದ.

ಕಲೆಕ್ಟ್ ರಿಕ್ವೆಸ್ಟ್ ನಿಂತಿತು, ದಾರಿ ಬದಲಾಯ್ತು

ಮೊದಲೆಲ್ಲ ಇವರ ದೊಡ್ಡ ಅಸ್ತ್ರ 'ಕಲೆಕ್ಟ್ ರಿಕ್ವೆಸ್ಟ್' ಆಗಿತ್ತು. ಅಂದ್ರೆ ಅವನು ನಿಮ್ಮಿಂದ ದುಡ್ಡು ಕೇಳಿ ರಿಕ್ವೆಸ್ಟ್ ಕಳಿಸ್ತಾನೆ, ನೀವು ದುಡ್ಡು ಬಂತು ಅಂದ್ಕೊಂಡು ಪಿನ್ ಒತ್ತಿದ್ರೆ ಹೋಯ್ತು. ಯುಪಿಐ ನಡೆಸೋ ಎನ್‌ಪಿಸಿಐ ಸಂಸ್ಥೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗೋ ಇಂಥ ರಿಕ್ವೆಸ್ಟ್‌ಗಳನ್ನ 2025ರ ಅಕ್ಟೋಬರ್ 1ರಿಂದ ನಿಲ್ಲಿಸೋಕೆ ಬ್ಯಾಂಕು ಮತ್ತು ಆ್ಯಪ್‌ಗಳಿಗೆ ಸೂಚನೆ ಕೊಟ್ಟಿತು. ಒಳ್ಳೇ ಹೆಜ್ಜೆ. ಆದ್ರೆ ವ್ಯಾಪಾರಿ ಖಾತೆಗಳಿಂದ ಬರೋ ರಿಕ್ವೆಸ್ಟ್ ಆ ಸೂಚನೆಯಲ್ಲಿ ಸೇರಿರಲಿಲ್ಲ, ಕ್ಯೂಆರ್ ಅಂತೂ ಇದ್ದೇ ಇದೆ. ಒಂದು ಬಾಗಿಲು ಮುಚ್ಚಿದ್ರೆ ಇವರು ಕಿಟಕಿ ನೋಡ್ತಾರೆ. ಈಗ ಹೆಚ್ಚು ಕೇಳಿಬರೋ ದಾರಿಗಳು ಇವು.

ಒಂದು, ಸುಳ್ಳು ಮೆಸೇಜ್. ಬ್ಯಾಂಕಿಂದ ಬಂದ ಹಾಗೆ ಎಸ್‌ಎಂಎಸ್ ಟೈಪ್ ಮಾಡಿ ಮಾಮೂಲಿ ನಂಬರಿಂದ ಕಳಿಸ್ತಾನೆ. 2,000 ಕಳಿಸಬೇಕಿತ್ತು, ಕೈ ತಪ್ಪಿ 20,000 ಹೋಯ್ತು ಅಂತಾನೆ. ಮಗು ಆಸ್ಪತ್ರೆಯಲ್ಲಿದೆ, ಬಾಕಿ 18 ಸಾವಿರ ಬೇಗ ವಾಪಸ್ ಹಾಕಿ ಅಂತ ಅಳ್ತಾನೆ. ನಿಮ್ಮ ಖಾತೆಗೆ ಬಂದಿರೋದು ಸೊನ್ನೆ. ನೀವು ಒಳ್ಳೆಯವರಾಗಿದ್ರೆ ಬೀಳ್ತೀರಿ, ಅಷ್ಟೇ ವ್ಯತ್ಯಾಸ.

ಎರಡು, ಸುಳ್ಳು ಸ್ಕ್ರೀನ್‌ಶಾಟ್. ಇದು ಎದುರಿಗೆ ಬಂದು ಸಾಮಾನು ಒಯ್ಯೋರ ದಾರಿ. ಹಳೇ ಮೊಬೈಲ್ ತಗೊಳ್ಳೋಕೆ ಬರ್ತಾನೆ, ಹಸಿರು ಟಿಕ್ ಮಾರ್ಕ್ ತೋರಿಸ್ತಾನೆ, ಹೋಗ್ತಾನೆ. ಪೇಮೆಂಟ್ ಆ್ಯಪ್ ಥರಾನೇ ಕಾಣೋ ನಕಲಿ ಆ್ಯಪ್‌ಗಳು ಇವೆ, ಟಿಕ್ ಜೊತೆಗೆ ಸದ್ದೂ ಬರುತ್ತೆ. ಹರಿಹರದ ಮೊಬೈಲ್ ಅಂಗಡಿ ಅಣ್ಣ ಒಬ್ಬರು ಹೇಳಿದ್ದು ಸರಿಯಾಗಿದೆ: "ಅವನ ಫೋನಲ್ಲಿ ಏನ್ ಕಾಣ್ಸಿದ್ರೂ ಅದು ಸಿನಿಮಾ. ನಮ್ ಸೌಂಡ್ ಬಾಕ್ಸ್ ಕೂಗ್ಬೇಕು, ಇಲ್ಲಾ ನಮ್ ಬ್ಯಾಲೆನ್ಸ್ ಏರ್ಬೇಕು." ಮನೆಯಲ್ಲಿ ಸೌಂಡ್ ಬಾಕ್ಸ್ ಇರಲ್ಲ, ಹಾಗಾಗಿ ಬ್ಯಾಲೆನ್ಸ್ ನೋಡೋದೊಂದೇ ದಾರಿ.

ಮೂರು, ಕೊರಿಯರ್ ಮತ್ತು ಗೇಟ್ ಪಾಸ್. "ನಮ್ಮ ಹುಡುಗ ಗಾಡಿ ತಗೊಂಡು ಬರ್ತಾನೆ, ಅವನ ಗೇಟ್ ಪಾಸ್‌ಗೆ 950 ಕಟ್ಟಿ, ಸಾಮಾನಿನ ದುಡ್ಡಿನ ಜೊತೆ ವಾಪಸ್ ಕೊಡ್ತೀವಿ." ಕಟ್ಟಿದ್ರೆ ಆಮೇಲೆ ಇನ್ಶೂರೆನ್ಸ್ ಅಂತ 2,500. ಮಾರೋನು ದುಡ್ಡು ಕಟ್ಟೋ ವ್ಯಾಪಾರ ಎಲ್ಲೂ ಇಲ್ಲ.

ನಾಲ್ಕು, ಆ್ಯಪ್ ಹಾಕಿಸೋದು. ಡೆಲಿವರಿ ಬುಕ್ ಮಾಡೋಕೆ ಅಂತ ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸ್ತಾನೆ, ಇಲ್ಲಾಂದ್ರೆ ನಿಮ್ಮ ಸ್ಕ್ರೀನ್ ಅವನಿಗೆ ಕಾಣೋ ಆ್ಯಪ್ ಹಾಕಿಸ್ತಾನೆ. ಇದು ಎಲ್ಲಕ್ಕಿಂತ ಅಪಾಯ. ನಿಮ್ಮ ಎಸ್‌ಎಂಎಸ್ಸು, ಓಟಿಪಿ ಎಲ್ಲಾ ಅವನ ಕೈಗೆ ಹೋಗುತ್ತೆ.

ಗುರುತು ಒಂದೇ: ಅವನು ಏನು ಕೇಳ್ತಾನೆ?

ದಾರಿಗಳು ಬದಲಾಗ್ತಾನೇ ಇರ್ತವೆ. ಎಲ್ಲಾ ನೆನಪಿಟ್ಕೊಳ್ಳೋಕೆ ಆಗಲ್ಲ. ನನ್ನ ಅನುಭವ ಮತ್ತು ನಾಲ್ಕೈದು ಜನರ ಹತ್ರ ಮಾತಾಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ನಿಜವಾದ ಗಿರಾಕಿ ಸಾಮಾನಿನ ಬಗ್ಗೆ ಕೇಳ್ತಾನೆ. ನಕಲಿ ಗಿರಾಕಿ ನಿಮ್ಮ ಬಗ್ಗೆ ಕೇಳ್ತಾನೆ.

ಓವರ್‌ಲಾಕ್ ಮಷೀನ್ ತಗೊಳ್ಳೋನು ಮೊದಲು ಕೇಳಬೇಕಾದ್ದು ಎಷ್ಟು ದಾರದ್ದು, ಮೋಟರ್ ಯಾವುದು, ಎಷ್ಟು ವರ್ಷ ಓಡಿದೆ ಅನ್ನೋದು. ನನಗೆ ಫೋನ್ ಮಾಡಿದವನು ಇದ್ಯಾವುದನ್ನೂ ಕೇಳಲಿಲ್ಲ. ಅವನು ಕೇಳಿದ್ದು ಮೂರು: ನೀವು ಯಾವ ಆ್ಯಪ್ ಬಳಸ್ತೀರಿ, ಯಾವ ಬ್ಯಾಂಕು, ಪಕ್ಕದಲ್ಲಿ ಯಾರಾದ್ರೂ ಇದ್ದಾರಾ. ಅಪ್ಪ ಪಕ್ಕದಲ್ಲಿ ಕೂತಿದ್ರೆ ಮೊದಲ ಮಾತಿಗೇ ಹಿಡೀತಿದ್ರು. ಮೊಬೈಲ್ ಗೊತ್ತಿಲ್ಲದ ಅಪ್ಪನಿಗೆ ಗಿರಾಕಿ ಗೊತ್ತಿತ್ತು, ಮೊಬೈಲ್ ಗೊತ್ತಿದ್ದ ನನಗೆ ಗಿರಾಕಿ ಗೊತ್ತಿರಲಿಲ್ಲ.

ಇದೇ ಮಾತಿಗೆ ಇನ್ನೊಂದು ಉದಾಹರಣೆ. ನಿಜಲಿಂಗಪ್ಪ ಬಡಾವಣೆಯ ಒಬ್ಬರು ಅಜ್ಜಿ ಬೆಂಗಳೂರಿಗೆ ಮಗನ ಮನೆಗೆ ಹೋಗೋರಿದ್ರು. ಮೊಮ್ಮಗಳು ಫ್ರಿಜ್ಜಿನ ಫೋಟೋ ಹಾಕಿದ್ಲು. ಫೋನ್ ಬಂತು, ರೇಟು ಒಪ್ಪಿದ, ಈಗಲೇ ದುಡ್ಡು ಹಾಕ್ತೀನಿ ಅಂದ. ಅಜ್ಜಿ ಫೋನ್ ಕಿತ್ಕೊಂಡು ಅಂದದ್ದು ಇಷ್ಟು: "ಫ್ರಿಜ್ಜು ತಣ್ಣಗಾಗ್ತೈತೋ ಇಲ್ಲೋ ನೋಡದೇ ತಗೊಳ್ಳೋನು ಯಾವ ಸೀಮೆ ಗಿರಾಕಿಯಪ್ಪ? ಬಂದು ನೋಡು, ಆಮೇಲೆ ದುಡ್ಡು." ಆ ಕಡೆಯಿಂದ ಫೋನ್ ಕಟ್ ಆಯ್ತು. ಎರಡನೇ ಸಲ ಬರಲಿಲ್ಲ.

ಅಜ್ಜಿಯ ಈ ಒಂದು ಮಾತಿನಲ್ಲಿ ನಾಲ್ಕು ಪರೀಕ್ಷೆ ಇದೆ. ಬಿಡಿಸಿ ಹೇಳಿದ್ರೆ ಹೀಗೆ.

ಚೌಕಾಸಿ ಇದೆಯಾ? ನಮ್ಮ ಕಡೆ ಸಂತೇಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡ್ತಾರೆ. 16 ಸಾವಿರದ ಹಳೇ ಮಷೀನಿಗೆ ಮಾಡಲ್ಲ ಅಂದ್ರೆ ಅವನಿಗೆ ಮಷೀನು ಬೇಕಿಲ್ಲ.

ಬಂದು ನೋಡ್ತಾನಾ? "ನಾನು ಡ್ಯೂಟಿಯಲ್ಲಿದ್ದೀನಿ, ಫೋಟೋ ಸಾಕು" ಅಂದ್ರೆ ವ್ಯಾಪಾರ ಅಲ್ಲಿಗೆ ನಿಲ್ಲಿಸಿ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರೋದು ನಿಜ. ಆದ್ರೆ ಅಲ್ಲಿ ಇರೋ ಯೋಧನಿಗೆ ಬೆಳಗಾವಿಯಲ್ಲೇ ಹಳೇ ಮಷೀನು ಸಿಗಲ್ವಾ? ದಾವಣಗೆರೆಯಿಂದ ಯಾಕೆ ತರಿಸ್ತಾನೆ? ಸೈನ್ಯದ ಹೆಸರು ಹೇಳಿದ್ರೆ ನಮ್ಮ ಜನ ಮತ್ತೆ ಪ್ರಶ್ನೆ ಕೇಳಲ್ಲ ಅಂತ ಅವರಿಗೆ ಗೊತ್ತು, ಅದಕ್ಕೇ ಆ ವೇಷ. ಅವನು ಕಳಿಸೋ ಆಧಾರ್, ಗುರುತಿನ ಚೀಟಿ ಯಾರದ್ದೋ ಕದ್ದಿದ್ದು ಅಥವಾ ಎಡಿಟ್ ಮಾಡಿದ್ದು ಆಗಿರಬಹುದು. ಅದಕ್ಕೇ ನಿಮ್ಮ ಆಧಾರ್ ಫೋಟೋನೂ ಅವನಿಗೆ ಕಳಿಸಬೇಡಿ. ಅದನ್ನೇ ತೋರಿಸಿ ನಾಳೆ ನಿಮ್ಮ ಹೆಸರಲ್ಲಿ ಇನ್ನೊಬ್ಬರನ್ನ ನಂಬಿಸಬಹುದು.

ಅವಸರ ಯಾರಿಗೆ? ಮಾರೋರಿಗೆ ಅವಸರ ಇರಬೇಕು, ಕೊಳ್ಳೋರಿಗೆ ಅನುಮಾನ ಇರಬೇಕು. ಇಲ್ಲಿ ಉಲ್ಟಾ ಇದ್ರೆ ಏನೋ ಸರಿಯಿಲ್ಲ. ಫೋನ್ ಕಟ್ ಮಾಡೋಕೆ ಬಿಡದೇ ಮಾತಾಡ್ತಾನೇ ಇರೋದು ಇವರ ಮುಖ್ಯ ಉಪಾಯ. ನೀವು ಯೋಚನೆ ಮಾಡಬಾರದು, ಪಕ್ಕದವರನ್ನ ಕೇಳಬಾರದು.

ದುಡ್ಡು ತಗೊಳ್ಳೋಕೆ ನಿಮ್ಮಿಂದ ಏನಾದ್ರೂ ಮಾಡಿಸ್ತಾನಾ? ಮೇಲೆ ಹೇಳಿದ ಹಾಗೆ, ಇದಾದ್ರೆ ಬೇರೆ ಪರೀಕ್ಷೆನೇ ಬೇಡ.

ದುಡ್ಡು ನಿಜವಾಗ್ಲೂ ಬಂದ್ರೂ ಒಂದು ಎಚ್ಚರ

ಈಗ ಇನ್ನೊಂದು ಬಗೆ ಇದೆ, ಇದರ ಬಗ್ಗೆ ಜನ ಮಾತಾಡೋದು ಕಡಿಮೆ. ಗಿರಾಕಿ ಬರ್ತಾನೆ, ಲ್ಯಾಪ್‌ಟಾಪ್ ನೋಡ್ತಾನೆ, ದುಡ್ಡು ನಿಮ್ಮ ಖಾತೆಗೆ ನಿಜವಾಗ್ಲೂ ಬೀಳುತ್ತೆ, ತಗೊಂಡು ಹೋಗ್ತಾನೆ. ಕೆಲವು ದಿನ ಬಿಟ್ಟು ನೋಡಿದ್ರೆ ನಿಮ್ಮ ಖಾತೆಗೆ ತಡೆ ಬಿದ್ದಿರುತ್ತೆ. ಯಾಕಂದ್ರೆ ಆ ದುಡ್ಡು ಅವನದ್ದಲ್ಲ. ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ, ಆ ಪಾಪದವರ ಕೈಯಿಂದ ನೇರ ನಿಮ್ಮ ಖಾತೆಗೆ ಹಾಕಿಸಿರ್ತಾನೆ. ಅವರು ದೂರು ಕೊಟ್ಟಾಗ ದುಡ್ಡು ಹೋದ ದಾರಿಯಲ್ಲಿ ಮೊದಲು ಸಿಗೋ ಹೆಸರು ನಿಮ್ಮದು. ಹೀಗೆ ಖಾತೆ ತಡೆಯೋ ಅಧಿಕಾರ ಪೊಲೀಸರಿಗೆ ಕಾನೂನಿನಲ್ಲೇ ಇದೆ, ಹೊಸ ಬಿಎನ್‌ಎಸ್‌ಎಸ್‌ನ 106ನೇ ಕಲಂ.

ಇದಕ್ಕೆ ಉಪಾಯ ಸರಳ. ದುಡ್ಡು ಬಂದ ಹೆಸರು ಎದುರಿಗೆ ನಿಂತವನ ಹೆಸರೇನಾ ನೋಡಿ. ಬೇರೆ ಹೆಸರು ಬಂದ್ರೆ "ಇದು ಯಾರು?" ಅಂತ ಕೇಳಿ. ಅಣ್ಣ, ಮಾವ ಅಂತ ಹೇಳಿದ್ರೆ ಅವರಿಗೇ ಫೋನ್ ಹಚ್ಚಿಸಿ ಮಾತಾಡಿ. ಅನುಮಾನ ಬಂದ್ರೆ ಸಾಮಾನು ಕೊಡಬೇಡಿ, ಬಂದ ದುಡ್ಡನ್ನ ಅವನು ಹೇಳೋ ಇನ್ನೊಂದು ನಂಬರಿಗೆ ತಿರುಗಿ ಹಾಕಲೂಬೇಡಿ, ಬ್ಯಾಂಕಿಗೆ ತಿಳಿಸಿ. ದೊಡ್ಡ ವಸ್ತು ಆದ್ರೆ ಒಂದು ಬಿಳಿ ಹಾಳೆಯಲ್ಲಿ ಏನು ಮಾರಿದ್ದು, ಎಷ್ಟಕ್ಕೆ, ತಾರೀಖು, ಇಬ್ಬರ ಸಹಿ ಹಾಕಿಸಿ ಫೋಟೋ ಇಟ್ಕೊಳ್ಳಿ. ನಾಳೆ ಬ್ಯಾಂಕಿಗೋ ಪೊಲೀಸರಿಗೋ ತೋರಿಸೋಕೆ ಅದೊಂದು ಆಧಾರ ಆಗುತ್ತೆ.

ಬೈಕ್ ಮಾರೋರಿಗೆ ಇನ್ನೆರಡು ಮಾತು. ಟೆಸ್ಟ್ ರೈಡ್‌ಗೆ ಕೀ ಕೊಟ್ರೆ ಹಿಂದೆ ನೀವು ಕೂತ್ಕೊಳ್ಳಿ, ಅವನು ಬಿಟ್ಟುಹೋಗೋ ಚಪ್ಪಲಿ ಬ್ಯಾಗು ನಂಬಬೇಡಿ. ದುಡ್ಡು ಬಂತು ಅಂತ ಖಾಲಿ ಫಾರಂಗೆ ಸಹಿ ಹಾಕಿ ಆರ್‌ಸಿ ಕೊಟ್ಟು ಕೈ ತೊಳ್ಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗೋ ತನಕ ಅಪಘಾತ ಆದ್ರೆ ಪರಿಹಾರದ ಹೊಣೆ ಹೆಸರಿದ್ದವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ದುಡ್ಡು ಹೋಯ್ತು, ಈಗೇನು?

ಮೊದಲು ಮಾಡೋದು 1930ಕ್ಕೆ ಫೋನ್. ಅಳೋದು, ಅವನಿಗೆ ಬೈಯೋದು, "ವಾಪಸ್ ಹಾಕ್ತೀನಿ" ಅನ್ನೋ ಅವನ ಮಾತಿಗೆ ಕಾಯೋದು ಎಲ್ಲಾ ಆಮೇಲೆ. ನೀವು ಕೊಟ್ಟ ವಿವರ ತಕ್ಷಣ ಸಂಬಂಧಪಟ್ಟ ಬ್ಯಾಂಕಿಗೆ ಹೋಗುತ್ತೆ, ದುಡ್ಡು ಇನ್ನೂ ಆ ಖಾತೆಯಲ್ಲಿದ್ರೆ ತಡೆ ಬೀಳುತ್ತೆ, ಮುಂದಿನ ಖಾತೆಗೆ ಹೋಗಿದ್ರೆ ಆ ಬ್ಯಾಂಕಿಗೆ ಹೋಗುತ್ತೆ. ಇದು ಓಟದ ಪಂದ್ಯ. ಅವರು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸಿ ಎಟಿಎಂನಲ್ಲಿ ತೆಗೆಯೋಕೆ ಮುಂಚೆ ನಿಮ್ಮ ದೂರು ತಲುಪಬೇಕು. ನಾನು ನಾಲ್ಕು ದಿನ ಕೊಟ್ಟೆ. ಅವರಿಗೆ ಬೇಕಿದ್ದಿದ್ದು ಬಹುಶಃ ನಾಲ್ಕು ನಿಮಿಷ.

ಫೋನ್ ಮಾಡೋಕೆ ಮುಂಚೆ ಕೈಯಲ್ಲಿ ಇಟ್ಕೊಳ್ಳಬೇಕಾದ್ದು: ನಿಮ್ಮ ಬ್ಯಾಂಕ್ ಹೆಸರು, ಖಾತೆ ನಂಬರು, ಎಷ್ಟು ಹೋಯ್ತು, ಎಷ್ಟು ಗಂಟೆಗೆ, ಯಾವ ಯುಪಿಐ ಐಡಿಗೆ, ಮತ್ತು ಆ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರು. ಆ್ಯಪ್‌ನ ಹಿಸ್ಟರಿಯಲ್ಲಿ ಸಿಗುತ್ತೆ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ತಗೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಗ್ರಾಹಕನ ಅಜಾಗ್ರತೆಯಿಂದ ಹೋದ ದುಡ್ಡಿಗೆ ಬ್ಯಾಂಕ್ ಹೊಣೆ ಅಲ್ಲ. ಆದ್ರೆ ನೀವು ತಿಳಿಸಿದ ಮೇಲೂ ಅಂಥ ಅನಧಿಕೃತ ವ್ಯವಹಾರ ನಡೆದು ದುಡ್ಡು ಹೋದ್ರೆ ಅದು ಬ್ಯಾಂಕಿನ ನಷ್ಟ. ತಿಳಿಸಿದ ಸಮಯದ ದಾಖಲೆ ಅದಕ್ಕೇ ಬೇಕು. ಅವನ ಚಾಟ್, ನಂಬರು, ಕ್ಯೂಆರ್ ಚಿತ್ರ ಏನನ್ನೂ ಅಳಿಸಬೇಡಿ. ನಾಚಿಕೆಯಿಂದ ಚಾಟ್ ಡಿಲೀಟ್ ಮಾಡೋರು ಬಹಳ ಜನ, ನಾನೂ ಅರ್ಧ ಮಾಡಿದ್ದೆ.

ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್ ಅನ್ನೋ ಸರ್ಕಾರಿ ಜಾಲತಾಣದಲ್ಲೂ ದೂರು ಹಾಕಬಹುದು. ಆಮೇಲೆ ಠಾಣೆ. ಇಲ್ಲಿ ಜನ ಬೇಸರ ಆಗೋದು, "ನಮ್ಮಲ್ಲಿ ಅಲ್ಲ, ಸೆನ್ ಠಾಣೆಗೆ ಹೋಗಿ" ಅಂತ ಓಡಾಡಿಸ್ತಾರೆ ಅಂತ. ಅದಕ್ಕೊಂದು ಕಾರಣ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಇಂಥ ಕೇಸನ್ನ ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯವರೇ ತನಿಖೆ ಮಾಡಬೇಕು. ಜಿಲ್ಲಾ ಕೇಂದ್ರದ ಸೆನ್ ಠಾಣೆ ಅಂದ್ರೆ ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧ ಠಾಣೆ ಇರೋದು ಇದಕ್ಕೇ. ಆದ್ರೆ ತನಿಖೆ ಬೇರೆ, ದೂರು ತಗೊಳ್ಳೋದು ಬೇರೆ. ಬಿಎನ್‌ಎಸ್‌ಎಸ್‌ನ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿದ್ರೂ ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಜಗಳೂರಿನಿಂದಲೋ ನ್ಯಾಮತಿಯಿಂದಲೋ ಬಸ್ ಹತ್ತಿ ದಾವಣಗೆರೆಗೆ ಬರೋ ತನಕ ಕಾಯಬೇಡಿ. ಮೊದಲು 1930, ಬಸ್ ಆಮೇಲೆ.

ಇಲ್ಲಿ ಇಲಾಖೆಯವರಿಗೂ ಒಂದು ಮಾತು. ಪಿಜಿ ಖಾಲಿ ಮಾಡೋ ಕಾಲದಲ್ಲಿ ಕಾಲೇಜುಗಳ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ "ಓಟಿಪಿ ಹೇಳಬೇಡಿ" ಅನ್ನೋ ಬೋರ್ಡಿನ ಪಕ್ಕ "ದುಡ್ಡು ಬರೋಕೆ ಪಿನ್ ಬೇಡ" ಅಂತ ಇನ್ನೊಂದು ಬೋರ್ಡ್ ಹಾಕಿದ್ರೆ ಎಷ್ಟೋ ಮನೆ ಉಳಿಯುತ್ತೆ. ಪ್ರತಿ ತಾಲ್ಲೂಕಿನ ಠಾಣೆಯಲ್ಲಿ 1930ಕ್ಕೆ ಫೋನ್ ಹಚ್ಚಿ ಕೊಟ್ಟು ವಿವರ ಹೇಳಿಸೋ ಒಬ್ಬರು ಸಿಬ್ಬಂದಿ ಇದ್ರೆ ಸಾಕು, ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ಮನೆಯವರಿಗೂ ಒಂದು ಮಾತು. ಮಗನೋ ಮಗಳೋ ಬಂದು "ದುಡ್ಡು ಹೋಯ್ತು" ಅಂದಾಗ ಮೊದಲ ಮಾತು ಬೈಗುಳ ಆಗೋದು ಬೇಡ. ಆ ಬೈಗುಳಕ್ಕೆ ಹೆದರಿಯೇ ನಾನು ಮೂರು ದಿನ ಸುಮ್ಮನಿದ್ದೆ. ಕೊನೆಗೆ ಹೇಳಿದಾಗ ಅಪ್ಪ ಬೈಯಲೂ ಇಲ್ಲ. "ಅವತ್ತೇ ಹೇಳಬಾರದಾಗಿತ್ತಾ" ಅಂದ್ರು, ಅಷ್ಟೆ.

ಆ ಓವರ್‌ಲಾಕ್ ಮಷೀನು ಎರಡು ತಿಂಗಳು ಬಿಟ್ಟು ಮಾರಾಟ ಆಯ್ತು. ಹರಿಹರದಿಂದ ಒಬ್ಬರು ಟೈಲರ್ ಬಂದ್ರು. ಮಷೀನ್ ಬಗ್ಗಿಸಿ ತಳ ನೋಡಿದ್ರು, ಎಣ್ಣೆ ಮುಟ್ಟಿ ನೋಡಿದ್ರು, ಜೇಬಿಂದ ಒಂದು ತುಂಡು ಬಟ್ಟೆ ತೆಗೆದು ಅಂಚು ಹೊಲಿದು ನೋಡಿದ್ರು. ಶಬ್ದ ಜಾಸ್ತಿ ಐತಿ ಅಂದ್ರು. ಅಪ್ಪ ಇಲ್ಲ ಅಂದ್ರು. ಮುಕ್ಕಾಲು ಗಂಟೆ ಚೌಕಾಸಿ ಆದ ಮೇಲೆ 13,500ಕ್ಕೆ ಒಪ್ಪಿ, ನೋಟು ಎಣಿಸಿ ಕೊಟ್ಟು, ಚಹಾ ಕುಡಿದು, ಲಗೇಜ್ ಆಟೋದಲ್ಲಿ ಹಾಕ್ಕೊಂಡು ಹೋದ್ರು.

ಅವರು ಒಮ್ಮೆಯೂ ನಾವು ಯಾವ ಆ್ಯಪ್ ಬಳಸ್ತೀವಿ ಅಂತ ಕೇಳಲಿಲ್ಲ.

(ಸೈಬರ್ ವಂಚನೆ ಸಹಾಯವಾಣಿ: 1930. ದಿನದ 24 ಗಂಟೆಯೂ ಕರೆ ಮಾಡಬಹುದು. ಈಗಲೇ ಮನೆಯವರೆಲ್ಲರ ಫೋನ್‌ನಲ್ಲಿ ಸೇವ್ ಮಾಡಿಡಿ.)